ಪದ ಬೇಕಾಗಿದೆ (ಗುರುವಾರದೊಳಗೆ): ಗರ್ಭಿಣಿಯರ ಸಿಫಿಲಿಸ್ ತಡೆ ಮಸೂದೆ, ಸುಂಕವಿಲ್ಲದ ಆಮದು

ವ.ರಾ., ಎಡಿಸನ್, ನ್ಯೂಜೆರ್ಸಿ:

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಕೂಟದ ಸುದ್ದಿಪತ್ರದಲ್ಲಿ ಅಮೆರಿಕದ ಕಾನೂನು ಸುದ್ದಿಗೆಂದೇ ಒಂದು ಪುಟ ಇದೆ. ಮಕ್ಕಳ ಮನೆಗೆ ಬಂದಿರುವ ಹಿರಿಯರು, ಇಂಗ್ಲಿಷ್ ಪತ್ರಿಕೆ ಓದದ ಹೆಣ್ಣುಮಕ್ಕಳು ಅದನ್ನು ಹುಡುಕಿಕೊಂಡು ಓದುತ್ತಾರೆ. ಈ ಸಲ ಎರಡು ವಿಷಯಗಳಿವೆ.

ಮೊದಲನೆಯದು ಕಾಂಗ್ರೆಸ್ಸಿನಲ್ಲಿ ಮಂಡನೆಯಾಗಿರುವ ‘ಮೆಟರ್ನಲ್ ಅಂಡ್ ಇನ್‌ಫಂಟ್ ಸಿಫಿಲಿಸ್ ಪ್ರಿವೆನ್ಶನ್ ಆಕ್ಟ್’. ಗರ್ಭಿಣಿಯರ ತಪಾಸಣೆ, ಚಿಕಿತ್ಸೆಯ ಬಗ್ಗೆ ಕೇಂದ್ರದ ಆರೋಗ್ಯ ಇಲಾಖೆ ರಾಜ್ಯಗಳಿಗೆ ಮಾರ್ಗಸೂಚಿ ಕೊಡಬೇಕು ಎನ್ನುವುದು ಅದರ ತಿರುಳು. ಸಿಫಿಲಿಸ್ ಎಂದರೆ ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು. ಇಲ್ಲಿನ ಸ್ಥಿತಿ ಗಂಭೀರವಾಗಿದೆ. ತಾಯಿಯಿಂದ ಸಿಫಿಲಿಸ್ ತಗುಲಿದ ಶಿಶುಗಳ ಸಂಖ್ಯೆ 2012ರಲ್ಲಿ 335 ಇದ್ದದ್ದು 2022ಕ್ಕೆ 3,761 ಆಯಿತು. ಅವುಗಳಲ್ಲಿ 282 ಶಿಶುಗಳು ಸತ್ತೇ ಹುಟ್ಟಿದವು ಅಥವಾ ಹುಟ್ಟಿದ ಮೇಲೆ ತೀರಿಕೊಂಡವು. ಸಮಯಕ್ಕೆ ಪರೀಕ್ಷೆ, ಔಷಧ ಸಿಕ್ಕಿದ್ದರೆ ಹತ್ತರಲ್ಲಿ ಸುಮಾರು ಒಂಬತ್ತನ್ನು ತಡೆಯಬಹುದಿತ್ತು ಎಂದು ಇಲ್ಲಿನ ರೋಗನಿಯಂತ್ರಣ ಕೇಂದ್ರವೇ ಹೇಳಿದೆ.

ಎರಡನೆಯದು ಡ್ಯೂಟಿ ಫ್ರೀ ಆಮದಿನ ನಿಯಮ. 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಸುಂಕ ಇರಲಿಲ್ಲ. ಅದನ್ನು ‘ಡಿ ಮಿನಿಮಿಸ್’ ಎನ್ನುತ್ತಾರೆ. 2025ರ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ಅದು ನಿಂತಿದೆ.

‘ಮೆಟರ್ನಲ್ ಸಿಫಿಲಿಸ್’, ‘ಕಂಜೆನಿಟಲ್’ (ಹುಟ್ಟುವಾಗಲೇ ಇರುವ), ‘ಡ್ಯೂಟಿ ಫ್ರೀ’, ‘ಡಿ ಮಿನಿಮಿಸ್’ ಈ ನಾಲ್ಕಕ್ಕೂ ಕನ್ನಡ ಪದ ಬೇಕು. ಗುರುವಾರ ರಾತ್ರಿ ಪುಟ ಕಟ್ಟುತ್ತೇವೆ.

ಜಿ.ಎಸ್., ಮೈಸೂರು:

ಸಿಫಿಲಿಸ್‌ಗೆ ‘ಉಪದಂಶ’ ಇದೆ. ಸುಶ್ರುತನ ಕಾಲದಿಂದ ಇದೆ. ಹುಡುಕಬೇಕಾಗಿಲ್ಲ. ಗರ್ಭಿಣ್ಯುಪದಂಶ ನಿರೋಧ ವಿಧೇಯಕ.

ಡ್ಯೂಟಿ ಫ್ರೀಗೆ ನಮ್ಮ ಶಾಸನಗಳೇ ದಾರಿ ತೋರಿಸುತ್ತವೆ. ತೆರಿಗೆ ಬಿಟ್ಟುಕೊಟ್ಟ ಭೂಮಿಗೆ ‘ಮಾನ್ಯ’ ಎಂದರು, ಸಕಲ ತೆರಿಗೆಯಿಂದ ಬಿಡಿಸಿದ ದತ್ತಿಗೆ ‘ಸರ್ವಮಾನ್ಯ’ ಎಂದರು. ಸುಂಕದಿಂದ ಬಿಡಿಸಿದ ಸರಕು ‘ಸುಂಕಮಾನ್ಯ’ ಆಗಬೇಕು. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಒಂದೊಂದು ತೆರಿಗೆಗೂ ಒಂದೊಂದು ಹೆಸರಿಟ್ಟಿದ್ದ ನಾಡು ಇದು. ಸುಂಕದ ವಿಷಯಕ್ಕೆ ಇಂಗ್ಲಿಷಿನವರ ಮುಂದೆ ಕೈಯೊಡ್ಡುವುದು ನನಗೆ ಸಹಿಸಲಾಗದ ಸಂಗತಿ.

ಬ.ಹ., ಧಾರವಾಡ:

ಮೇಷ್ಟ್ರ, ‘ಸುಂಕಮಾನ್ಯ’ ಅಂತ ಅಚ್ಚು ಹಾಕಿದ್ರ ಓದೋರು ‘ಸುಂಕ ಹಾಕೋದಕ್ಕ ಒಪ್ಪಿಗಿ ಸಿಕ್ಕದ’ ಅಂತ ತಿಳೀತಾರ. ಮಾನ್ಯತೆ ಪಡೆದ ಶಾಲೆ, ಮಾನ್ಯ ಅಧ್ಯಕ್ಷರು ಅಂತ ಓದಿ ಬೆಳೆದ ಮಂದಿಗೆ ‘ಮಾನ್ಯ’ದ ಹಳೇ ಅರ್ಥ ಹೊಳಿಯೂದಿಲ್ಲ. ಅರ್ಥ ಪೂರಾ ಉಲ್ಟಾ ಆಗ್ತದ.

‘ವಿಧೇಯಕ’ ಬ್ಯಾಡ. ಅದು ವಿಧಾನಸೌಧದ ಕಾಗದದಾಗ ಇರ್ಲಿ. ಮೂವತ್ತು ವರ್ಷ ಸುದ್ದಿಮನಿಯಾಗ ಕುಂತು ಬರದೀನಿ, ‘ಮಸೂದೆ’ ಅಂದ್ರ ಹೊಲದಾಗ ಇರೋನಿಗೂ ತಿಳೀತದ. ಮಂಡನೆ ಆಗೂ ತನಕ ಕರಡು, ಮಂಡನೆ ಆದಮ್ಯಾಲ ಮಸೂದೆ, ಅಂಗೀಕಾರ ಆಗಿ ಅಂಕಿತ ಬಿದ್ದಮ್ಯಾಲ ಕಾಯ್ದೆ. ಹೆಸರಿನಾಗ ‘ಆಕ್ಟ್’ ಅಂತ ಇದ್ದರೂ ಈಗ ಅದು ಮಸೂದೆನs. ಇದನ್ನ ಮಾತ್ರ ತಪ್ಪಬ್ಯಾಡ್ರಿ ತಂಗಿ, ಓದೋರು ಕಾನೂನು ಆಗೇಬಿಟ್ಟದ ಅಂತ ತಿಳೀತಾರ.

ಡಾ. ಎಂ., ಹಾಸನ:

ಹೆರಿಗೆ ವಿಭಾಗದಲ್ಲಿ ಕೆಲಸ ಮಾಡುವವಳು ನಾನು. ‘ಉಪದಂಶ’ ಬೇಡವೇ ಬೇಡ. ಸುಶ್ರುತದಲ್ಲಿ ಜನನಾಂಗದ ಹಲವು ಬಗೆಯ ಹುಣ್ಣುಗಳಿಗೆ ಆ ಹೆಸರಿದೆ. ಇವತ್ತು ನಾವು ಸಿಫಿಲಿಸ್ ಎನ್ನುವ ಒಂದೇ ಸೋಂಕಿಗೆ ಅದು ಕಟ್ಟಿಟ್ಟ ಹೆಸರಲ್ಲ. ಸಂಸ್ಕೃತದಲ್ಲಿ ನಂಚಿಕೊಳ್ಳುವ ಪದಾರ್ಥಕ್ಕೂ ‘ಉಪದಂಶ’ ಎನ್ನುತ್ತಾರೆ, ಅದನ್ನು ಜಿ.ಎಸ್. ಅವರೇ ಬಲ್ಲರು.

‘ಗುಪ್ತರೋಗ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಅದೂ ಬೇಡ. ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ ಬರೆಯುವ ಪದ ಅದು. ಆ ಪದ ಕಂಡರೆ ಹೆಣ್ಣುಮಕ್ಕಳು ಪುಟ ಮಗುಚಿ ಇಡುತ್ತಾರೆ.

ನಮ್ಮಲ್ಲಿ ನಡೆಯುವುದು ಹೀಗೆ. ಗರ್ಭಿಣಿ ಮೊದಲ ಸಲ ತಪಾಸಣೆಗೆ ಬಂದಾಗ ರಕ್ತ ತೆಗೆಯುತ್ತೇವೆ. ರಕ್ತದ ಗುಂಪು, ಹಿಮೋಗ್ಲೋಬಿನ್, ಎಚ್‌ಐವಿ, ಜೊತೆಗೆ ಸಿಫಿಲಿಸ್ ಪತ್ತೆ ಮಾಡುವ ವಿಡಿಆರ್‌ಎಲ್. ತಾಯಿ ಕಾರ್ಡಿನಲ್ಲಿ ಅದೆಲ್ಲ ಬರೆದಿರುತ್ತದೆ. ವಿಡಿಆರ್‌ಎಲ್ ಪಾಸಿಟಿವ್ ಬಂದರೆ ನರ್ಸಮ್ಮ ಆಕೆಯನ್ನು ಪಕ್ಕಕ್ಕೆ ಕರೆದು ‘ರಕ್ತದಲ್ಲಿ ಒಂದು ಸೋಂಕು ಇದೆ, ಸೂಜಿ ಹಾಕಿದರೆ ವಾಸಿಯಾಗುತ್ತದೆ, ಮಗುವಿಗೆ ಹೋಗುವುದಿಲ್ಲ’ ಎನ್ನುತ್ತಾಳೆ. ಹೆಸರು ಕೇಳಿದರೆ ‘ಸಿಫಿಲಿಸ್’ ಎನ್ನುತ್ತಾಳೆ. ಆ ಹೆಸರಿಗೆ ಹಳ್ಳಿಯಲ್ಲಿ ಹಳೆಯ ಕಳಂಕ ಅಂಟಿಲ್ಲ, ಅದೇ ಅದರ ದೊಡ್ಡ ಉಪಕಾರ. ಸೂಜಿ ಎಂದರೆ ಬೆಂಜಥೀನ್ ಪೆನಿಸಿಲಿನ್, 24 ಲಕ್ಷ ಯೂನಿಟ್, ಎರಡು ಪಾಲು ಮಾಡಿ ಎರಡೂ ಪೃಷ್ಠಕ್ಕೆ. ಹಾಲಿನ ಹಾಗೆ ದಪ್ಪಗಿರುತ್ತದೆ, ದಪ್ಪ ಸೂಜಿ ಬೇಕು, ನೋವೂ ಜಾಸ್ತಿ. ಹೃದಯದ ಕವಾಟದ ತೊಂದರೆ ಇರುವ ಮಕ್ಕಳಿಗೆ ಮೂರು ವಾರಕ್ಕೊಮ್ಮೆ ಹಾಕಿಸುವ ಪೆನಿಡ್ಯೂರ್ ಎಂದರೆ ಎಷ್ಟೋ ಮನೆಗಳಿಗೆ ಗೊತ್ತು, ಇದೂ ಅದೇ ಔಷಧ. ಗರ್ಭಿಣಿಯರಿಗೆ ಬೇರೆ ಔಷಧಿಯ ಆಯ್ಕೆ ಇಲ್ಲ. ಪೆನಿಸಿಲಿನ್ ಒಗ್ಗದವರಿಗೂ ಆಸ್ಪತ್ರೆಯಲ್ಲಿ ಇಟ್ಟುಕೊಂಡು, ಚೂರುಚೂರೇ ಕೊಟ್ಟು ಒಗ್ಗಿಸಿ, ಅದನ್ನೇ ಕೊಡಬೇಕಾಗುತ್ತದೆ. ಹೆರಿಗೆಗೆ ಕನಿಷ್ಠ 30 ದಿನ ಮೊದಲೇ ಚಿಕಿತ್ಸೆ ಶುರುವಾಗಿರಬೇಕು.

ಇಷ್ಟು ಹೇಳಿದ್ದು ಯಾಕೆಂದರೆ ನಿಮ್ಮ ಪುಟ ಓದಿದ ಹೆಣ್ಣುಮಗಳು ಆಸ್ಪತ್ರೆಗೆ ಹೋಗಿ ಹೇಳಬೇಕಾದ ಪದ ‘ಸಿಫಿಲಿಸ್’. ಅಲ್ಲಿ ಕೇಳಿಸಿಕೊಳ್ಳುವವರಿಗೂ ಆ ಪದವೇ ಅರ್ಥವಾಗುವುದು.

ಕೆ., ತುಮಕೂರು:

ಡಾಕ್ಟರ್ ಹೇಳಿದ್ದು ಅರ‍್ದ ಸರಿ. ಕುತ್ತದ ಹೆಸರು ಬೇಕಾದರೆ ‘ಸಿಪಿಲಿಸ್’ ಎಂದೇ ಇರಲಿ. ಆದರೆ ಸುತ್ತಲಿನ ಒರೆಗಳೆಲ್ಲ ಯಾಕೆ ಹೊರಗಿನವು? ಗರ್ಬಿಣಿ ಅಲ್ಲ, ಬಸುರಿ. ಮಸೂದೆ ಅಲ್ಲ, ಕಟ್ಟಲೆಯ ಕರಡು. ಆಮದು ಅಲ್ಲ, ಒಳತರುವಿಕೆ. ‘ಬಸುರಿಯರ ಸಿಪಿಲಿಸ್ ತಡೆ ಕಟ್ಟಲೆ’ ಎಂದು ಬರೆಯಿರಿ. ಯಾರಿಗೆ ತಿಳಿಯುವುದಿಲ್ಲ ಹೇಳಿ? ಅಜ್ಜಿಯರ ಬಾಯಲ್ಲಿ ಇರುವುದು ಬಸುರಿ, ಬಾಣಂತಿ, ಕೂಸು. ಅವರಿಗಾಗಿ ಬರೆಯುವ ಪುಟದಲ್ಲಿ ಅವರ ನುಡಿಯೇ ಇಲ್ಲದಿದ್ದರೆ ಅದು ಯಾರ ಪುಟ?

ಮಹಾಪ್ರಾಣ ಬಿಟ್ಟು ಬರೆದಿದ್ದಕ್ಕೆ ಯಾರೂ ಇಲ್ಲಿ ಪಾಟ ಮಾಡಬೇಡಿ. ಅದು ಬೇರೆ ಮಾತು.

ಜಿ.ಎಸ್., ಮೈಸೂರು:

‘ಅರ‍್ದ’, ‘ಪಾಟ’ ಎಂದು ಬರೆಯುವವರೊಂದಿಗೆ ಪದಚರ್ಚೆ ಸಾಧ್ಯವಿಲ್ಲ.

ಡಾಕ್ಟರಮ್ಮನವರಿಗೆ: ಉಪದಂಶ ಬೇಡವೆಂದರೆ ‘ಫಿರಂಗರೋಗ’ ಇದೆ. 16ನೆಯ ಶತಮಾನದ ಆಯುರ್ವೇದ ಗ್ರಂಥಕಾರ ಭಾವಮಿಶ್ರನಲ್ಲಿ ಸ್ಪಷ್ಟ ವರ್ಣನೆ ಇದೆ. ಚಿಕಿತ್ಸೆಗೆ ಚೋಪಚೀನಿ ಎಂಬ ಬೇರನ್ನೂ ಹೇಳಿದ್ದಾನೆ. ನಮ್ಮ ಗ್ರಂದಿಗೆ ಅಂಗಡಿಯಲ್ಲಿ ಇವತ್ತಿಗೂ ಅದಕ್ಕೆ ಪರಂಗಿ ಚಕ್ಕೆ ಎನ್ನುತ್ತಾರೆ. ಕನ್ನಡದಲ್ಲಿ ಪರಂಗಿ ಹುಣ್ಣು. ಯುರೋಪಿನವರಿಗಿದ್ದ ಫ್ರಾಂಕ್ ಎಂಬ ಹೆಸರು ಪಾರಸಿಗರ ಬಾಯಲ್ಲಿ ಫರಂಗ್ ಆಗಿ, ನಮ್ಮಲ್ಲಿ ಪರಂಗಿ ಆಯಿತು. ಪರದೇಶದಿಂದ ಬಂದ ಹಣ್ಣು ಪರಂಗಿ ಹಣ್ಣು, ಪರದೇಶದಿಂದ ಬಂದ ರೋಗ ಪರಂಗಿ ರೋಗ. ಇದಕ್ಕಿಂತ ಇತಿಹಾಸ ತುಂಬಿದ ಪದ ಎಲ್ಲಿ ಸಿಗುತ್ತದೆ?

ಡಾ. ಎಂ., ಹಾಸನ:

ಇತಿಹಾಸ ತುಂಬಿರುವುದೇ ಅದರ ತೊಂದರೆ ಸರ್. ಈ ರೋಗಕ್ಕೆ ಪ್ರತಿಯೊಬ್ಬರೂ ಪಕ್ಕದವರ ಹೆಸರನ್ನೇ ಇಟ್ಟಿದ್ದಾರೆ. ಇಟಲಿಯವರಿಗೆ ಅದು ಫ್ರೆಂಚರ ರೋಗ, ಫ್ರೆಂಚರಿಗೆ ನೇಪಲ್ಸಿನ ರೋಗ, ರಷ್ಯನ್ನರಿಗೆ ಪೋಲಿಷರ ರೋಗ, ನಮಗೆ ಪರಂಗಿಯವರ ರೋಗ. ‘ಸಿಫಿಲಿಸ್’ ಎಂಬುದೇ 1530ರಲ್ಲಿ ಇಟಲಿಯ ವೈದ್ಯನೊಬ್ಬ ಬರೆದ ಲ್ಯಾಟಿನ್ ಕಾವ್ಯದ ಕುರುಬನ ಹೆಸರಿನಿಂದ ಬಂದದ್ದು. ಅದು ಯಾವ ಜನಾಂಗವನ್ನೂ ತಿವಿಯುವುದಿಲ್ಲ. ಹೊಸ ರೋಗಗಳಿಗೆ ಊರಿನ, ಜನರ ಹೆಸರು ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚನೆ ಕೊಟ್ಟಿತು. ಹಳೆಯದನ್ನು ನಾವಾಗಿಯೇ ಎತ್ತಿ ತರುವುದು ಯಾವ ನ್ಯಾಯ? ಅದೂ ಅಮೆರಿಕದಲ್ಲಿ ಅಚ್ಚಾಗುವ ಪುಟದಲ್ಲಿ!

‘ಕಂಜೆನಿಟಲ್’ ಬಗ್ಗೆ ಒಂದು ಮುಖ್ಯ ಮಾತು. ‘ಆನುವಂಶಿಕ’ ಎಂದು ಬರೆದ ಕರಪತ್ರಗಳನ್ನು ನೋಡಿದ್ದೇನೆ. ಅದು ಅಪಾಯದ ಪದ. ಆನುವಂಶಿಕ ಎಂದರೆ ರಕ್ತಸಂಬಂಧದಲ್ಲಿ, ಪೀಳಿಗೆಯಿಂದ ಪೀಳಿಗೆಗೆ ಬರುವುದು. ಇದು ಹಾಗಲ್ಲ, ಬಸಿರಿನಲ್ಲಿ ಇರುವಾಗ ತಾಯಿಯಿಂದ ತಗುಲುವ ಸೋಂಕು. ಸೂಜಿ ಹಾಕಿದರೆ ನಿಲ್ಲುತ್ತದೆ. ಆನುವಂಶಿಕ ಎಂದು ಓದಿದ ಅತ್ತೆ ‘ನಿಮ್ಮ ಮನೆತನದಲ್ಲೇ ಇದೆ’ ಎಂದು ಸೊಸೆಯ ಮೇಲೆ ಎಗರುತ್ತಾಳೆ. ‘ಜನ್ಮಜಾತ’ ಪರವಾಗಿಲ್ಲ, ಆದರೆ ಅದನ್ನು ಕೇಳಿದವರಿಗೆ ತಡೆಯಲಾಗದ ಹಣೆಬರಹ ಎನ್ನಿಸುತ್ತದೆ. ‘ತಾಯಿಯಿಂದ ಮಗುವಿಗೆ ತಗುಲುವ ಸಿಫಿಲಿಸ್’ ಎಂದು ಉದ್ದಕ್ಕೇ ಬರೆಯಿರಿ. ಉದ್ದವಾದರೂ ಅದರಲ್ಲಿ ತಡೆಯುವ ದಾರಿಯೂ ಕಾಣುತ್ತದೆ.

ಎಸ್.ಪಿ., ಮಂಗಳೂರು:

ನಾನು ಪಣಂಬೂರು ಬಂದರಿನಲ್ಲಿ ಕಸ್ಟಮ್ಸ್ ಕ್ಲಿಯರಿಂಗ್ ಕೆಲಸದಲ್ಲಿ ಇರುವವ. ಎರಡನೇ ವಿಷಯಕ್ಕೆ ಯಾರೂ ಹೆಚ್ಚು ಕೈ ಹಾಕಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಸುಂಕವೇ ಇಲ್ಲದ ಸರಕು ಬೇರೆ, ಸುಂಕ ಇದ್ದೂ ಸರಕಾರ ಬಿಟ್ಟುಕೊಟ್ಟ ಸರಕು ಬೇರೆ. ಸುಂಕದ ಪಟ್ಟಿಯಲ್ಲೇ ದರ ಸೊನ್ನೆ ಅಂತ ಇದ್ದರೆ ‘ಸುಂಕರಹಿತ’. ಪಟ್ಟಿಯಲ್ಲಿ ದರ ಇದ್ದು, ಅಧಿಸೂಚನೆ ಹೊರಡಿಸಿ ಬಿಟ್ಟರೆ ‘ಸುಂಕ ವಿನಾಯಿತಿ’. ನಮ್ಮಲ್ಲಿ 1962ರ ಕಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಕೊಡುವುದು ವಿನಾಯಿತಿ. ಅಮೆರಿಕದ 800 ಡಾಲರಿನದೂ ಇದೇ ಜಾತಿ. ಬಟ್ಟೆಗೆ ಸುಂಕ ಇದ್ದೇ ಇತ್ತು, ಸಣ್ಣ ಪಾರ್ಸೆಲ್ ಅಂತ ಬಿಟ್ಟಿದ್ದರು. ಮೊದಲು 200 ಡಾಲರ್ ಇದ್ದ ಮಿತಿಯನ್ನು 2016ರಲ್ಲಿ 800 ಮಾಡಿದರು. ಈಗ ವಿನಾಯಿತಿ ತೆಗೆದಿದ್ದಾರೆ. ‘ಸುಂಕರಹಿತ ಆಮದು ರದ್ದು’ ಅಂತ ಬರೆದರೆ ಸೊನ್ನೆ ದರದ ಸರಕಿಗೂ ಸುಂಕ ಬಿತ್ತು ಅಂತ ಆಗುತ್ತದೆ. ಅದು ತಪ್ಪು ಸುದ್ದಿ.

‘ಡ್ಯೂಟಿ ಫ್ರೀ’ ಅಂತ ಹಾಗೇ ಬಿಡಲೂ ಬೇಡಿ. ಜನರಿಗೆ ಅದು ವಿಮಾನ ನಿಲ್ದಾಣದ ಅಂಗಡಿ, ಬಾಟಲಿ, ಚಾಕಲೇಟು.

ವ.ರಾ., ಎಡಿಸನ್:

ಎಸ್.ಪಿ. ಅವರೇ, ತುಂಬ ಉಪಕಾರವಾಯಿತು. ಓದುಗರಿಗೆ ಬೇಕಾಗಿರುವುದು ಇದೇ. ಊರಿನಿಂದ ಅಮ್ಮಂದಿರು ಕಳಿಸುವ ಹಪ್ಪಳ, ಸಂಡಿಗೆ, ಚಟ್ನಿಪುಡಿ, ಬಾಣಂತಿ ಲೇಹ್ಯದ ಡಬ್ಬಿ ಎಲ್ಲ ಈ ನಿಯಮಕ್ಕೆ ಸಿಕ್ಕಿಕೊಂಡಿತ್ತು. ಭಾರತದ ಅಂಚೆ ಇಲಾಖೆ ಆಗಸ್ಟ್ 25ರಿಂದ ಅಮೆರಿಕದ ಪಾರ್ಸೆಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ಶುರು ಮಾಡಿತು. ಈಗ ಸುಂಕವನ್ನು ಕಳಿಸುವವರ ಹತ್ತಿರ ಬುಕಿಂಗ್ ಸಮಯದಲ್ಲೇ ಕಟ್ಟಿಸಿಕೊಳ್ಳುತ್ತಾರೆ. 100 ಡಾಲರ್ ಒಳಗಿನ ಉಡುಗೊರೆಗೆ ಮಾತ್ರ ಸುಂಕ ಇಲ್ಲ. ಹಾಗಾಗಿ ಸ್ಪಷ್ಟವಾಗಿ ಬರೆಯಲೇಬೇಕು.

‘ಡಿ ಮಿನಿಮಿಸ್’ಗೆ ‘ಚಿಲ್ಲರೆ ವಿನಾಯಿತಿ’ ಎಂದು ಒಬ್ಬರು ಖಾಸಗಿಯಾಗಿ ಸೂಚಿಸಿದ್ದಾರೆ. ಹೇಗೆ?

ಎಸ್.ಪಿ., ಮಂಗಳೂರು:

ಬೇಡ. ಚಿಲ್ಲರೆ ವ್ಯಾಪಾರಕ್ಕೆ ಕೊಟ್ಟ ವಿನಾಯಿತಿ ಅಂತ ಓದುತ್ತಾರೆ. ‘ಅಲ್ಪಮೌಲ್ಯದ ಸರಕಿಗೆ ಸುಂಕ ವಿನಾಯಿತಿ’.

ಜಿ.ಎಸ್., ಮೈಸೂರು:

‘ಸುಂಕರಹಿತ’ ಎಂಬ ಪದ ಈ ಚರ್ಚೆಯಲ್ಲಿ ಎರಡು ಸಲ ಬಂತು, ಯಾರಿಗೂ ಅಡ್ಡಿಯಾಗಲಿಲ್ಲ. ಅರಿಸಮಾಸ, ಕನ್ನಡವನ್ನೂ ಸಂಸ್ಕೃತವನ್ನೂ ಬೆರೆಸಿದ ಸಮಾಸ! ಸುಂಕ ತದ್ಭವ, ರಹಿತ ತತ್ಸಮ. ವ್ಯಾಕರಣಕಾರ ಕೇಶಿರಾಜ ಅರಿಸಮಾಸಕ್ಕೆ ಜಾಗ ಬಿಟ್ಟಿರುವುದು ಬಿರುದಾವಳಿಗೆ, ಪೂರ್ವಕವಿಗಳ ಪ್ರಯೋಗಕ್ಕೆ. ಪಾರ್ಸೆಲ್ ಡಬ್ಬಿಗೆ ಅಲ್ಲ. ಶುಲ್ಕರಹಿತ ಎನ್ನಿ, ಇಲ್ಲವೆ ಸುಂಕವಿಲ್ಲದ ಎನ್ನಿ.

ಬ.ಹ., ಧಾರವಾಡ:

ಶುಲ್ಕ ಅಂದ್ರ ಶಾಲೆಗೆ ಕಟ್ಟೂದು, ಪರೀಕ್ಷೆಗೆ ಕಟ್ಟೂದು. ಸುಂಕ ಅಂದ್ರ ಗಡಿಯಾಗ ಕಟ್ಟೂದು. ಮೂಲ ಒಂದs ಇದ್ದರೂ ಎರಡೂ ದಾರಿ ಬ್ಯಾರೆ ಹಿಡಿದು ಶತಮಾನ ಆತು. ‘ಸುಂಕದವನ ಮುಂದ ಸುಖದುಃಖ ಹೇಳಿಕೊಂಡ್ಹಂಗ’ ಅಂತ ಗಾದಿ ಅದ, ‘ಶುಲ್ಕದವನ ಮುಂದ’ ಅಂತ ಯಾರೂ ಅಂದಿಲ್ಲ. ಸುಂಕದ ಬಂಕಣ್ಣ ಅಂತ ವಚನಕಾರನs ಇದ್ದ, ಶುಲ್ಕದ ಬಂಕಣ್ಣ ಅಲ್ಲ.

‘ಸುಂಕವಿಲ್ಲದ’ ಅಂತ ಬರೀರಿ, ಜಗಳ ಹರೀತದ. ಅದರಾಗ ಮಾತ್ರ ಮೇಷ್ಟ್ರ ಮಾತು ಖರೇ.

ಕೆ., ತುಮಕೂರು:

ಸುಂಕ ಎಂಬುದೂ ಸಕ್ಕದದಿಂದ (ಸಂಸ್ಕೃತದಿಂದ) ಬಂದದ್ದು ಎಂದು ಈಗ ಎಲ್ಲರೂ ಒಪ್ಪುತ್ತೀರಿ. ಹಾಗಾದರೆ ಸಕ್ಕದದ್ದು ಕನ್ನಡದ ಬಾಯಿಗೆ ಒಗ್ಗಿ ಬಂದರೆ ಬೇಡವೆನ್ನದ ಮೇಶ್ಟ್ರು, ಇಂಗ್ಲಿಶಿನದ್ದು ಒಗ್ಗಿ ಬಂದರೆ ಬೇಡವೆನ್ನುವುದು ಯಾಕೆ? ನನ್ನ ನಿಲುವು ನೇರವಾಗಿದೆ. ಕನ್ನಡದಲ್ಲಿ ಒರೆ ಇದ್ದರೆ ಅದೇ ಇರಲಿ. ಇಲ್ಲದಿದ್ದರೆ ಮಾತ್ರ ಹೊರಗಿನದು. ಆಮದು ಪಾರಸಿ, ಮಸೂದೆ ಅರಬಿ, ಕಾನೂನು ಅರಬಿ, ವಿದೇಯಕ ಸಕ್ಕದ, ಬಿಲ್ಲು ಇಂಗ್ಲಿಶ್. ಒಂದು ಸಾಲಿನಲ್ಲಿ ಕನ್ನಡ ಎಲ್ಲಿ ಉಳಿಯಿತು?

ಬ.ಹ., ಧಾರವಾಡ:

ಉಳದದ್ದು ಪ್ರತ್ಯಯದಾಗ, ವಾಕ್ಯದ ಕಟ್ಟಡದಾಗ. ಆಮದು ಅಂದ್ರ ಪಾರ್ಸಿಯೊಳಗ ‘ಬಂತು’, ರಫ್ತು ಅಂದ್ರ ‘ಹೋತು’. ಬಂದದ್ದು ಆಮದು, ಹೋದದ್ದು ರಫ್ತು. ಜೋಡಿ ಹೆಂಗ ಕುಂತದ ನೋಡ್ರಿ. ಗದಗಿನ ಅಡತಿ ಅಂಗಡಿಯಾಗ, ಬ್ಯಾಡಗಿ ಮೆಣಸಿನಕಾಯಿ ಪೇಟ್ಯಾಗ ‘ಈ ದಿನದ ಆಮದು ಎಷ್ಟು’ ಅಂತ ಕೇಳ್ತಾರ. ಅವರ ಬಾಯಾಗಿನ ಮಾತು ಕನ್ನಡ ಅಲ್ಲ ಅನ್ನೂ ಹಕ್ಕು ನಿಮಗ ಯಾರು ಕೊಟ್ರು? ‘ಮಸೂದೆ’ಯ ಮೂಲ ಅರ್ಥ ಕಪ್ಪು ಮಾಡಿದ್ದು, ಅಂದ್ರ ಶಾಯಿ ಹಚ್ಚಿದ ಕರಡು ಹಾಳಿ. ನಿಮ್ಮ ಕರಡಿನ ಅರ್ಥಾನೂ ಅದರಾಗs ಅದ. ಸುಮ್ಮನ ಯಾಕ ಕಿತ್ತು ಒಗೀಬೇಕು?

ಕೆ., ತುಮಕೂರು:

ಅಡತಿ ಅಂಗಡಿಯ ‘ಆಮದು’ ಹಳ್ಳಿಯಿಂದ ಪೇಟೆಗೆ ಬಂದ ಮಾಲು. ಕಸ್ಟಮ್ಸಿನ ‘ಆಮದು’ ಹೊರದೇಶದಿಂದ ಬಂದದ್ದು. ಎರಡೂ ಒಂದೇ ಒರೆಯಲ್ಲಿ ಕಲಸಿಹೋಗಿರುವುದು ನಿಮಗೆ ಕಾಣುತ್ತಿಲ್ಲ. ‘ಒಳತರುವಿಕೆ’ಗೆ ಆ ಗೊಂದಲ ಇಲ್ಲ. ಬೇರೆ ಎಳೆ ತೆರೆಯುತ್ತೇನೆ, ಅಲ್ಲಿ ಮಾತಾಡೋಣ.

ಜಿ.ಎಸ್., ಮೈಸೂರು:

ತೆರೆಯಿರಿ. ಆದರೆ ಕನ್ನಡ ಲಿಪಿಯ ಎಲ್ಲ ಅಕ್ಷರಗಳನ್ನೂ ಬಳಸಿ.

ಡಾ. ಎಂ., ಹಾಸನ:

ದಯವಿಟ್ಟು ಕೇಳಿದವರಿಗೆ ಉತ್ತರ ಕೊಡೋಣ. ಬುಧವಾರ ರಾತ್ರಿ ಆಯಿತು.

‘ಮೆಟರ್ನಲ್’ಗೆ ‘ಗರ್ಭಿಣಿ’ ಒಂದೇ ಸಾಲದು, ಬಾಣಂತಿಯೂ ಅದರಲ್ಲಿ ಸೇರುತ್ತಾಳೆ. ‘ಮಾತೃ’ ಎಂದರೆ ಮಾತೃಭಾಷೆ, ಮಾತೃಭೂಮಿಯ ಸಾಲಿಗೆ ಸೇರಿ ಪೂಜೆಯ ಪದವಾಗುತ್ತದೆ, ರೋಗದ ಪಕ್ಕ ಕೂರುವುದಿಲ್ಲ. ಜಿಲ್ಲೆ ಜಿಲ್ಲೆಯಲ್ಲೂ ‘ತಾಯಿ ಮತ್ತು ಮಕ್ಕಳ ಆಸ್ಪತ್ರೆ’ ಎಂಬ ಬೋರ್ಡು ಇದೆ, ಜನ ಅದನ್ನು ಓದಿ ಒಳಗೆ ಬರುತ್ತಾರೆ. ಹಾಗಾಗಿ ‘ತಾಯಿ ಮತ್ತು ಶಿಶು ಸಿಫಿಲಿಸ್ ತಡೆ ಮಸೂದೆ’. ‘ನಿವಾರಣೆ’ ಬೇಡ, ಅದು ಬಂದದ್ದನ್ನು ಕಳೆಯುವುದು. ಇಲ್ಲಿ ಬರದಂತೆ ನೋಡಿಕೊಳ್ಳುವುದು, ಆದ್ದರಿಂದ ‘ತಡೆ’. ಕೆ. ಅವರ ‘ಬಸುರಿ’ ಒಳಗಿನ ಬರಹದಲ್ಲಿ ಬರಲಿ, ನನಗೂ ಇಷ್ಟವೇ. ಶೀರ್ಷಿಕೆಯಲ್ಲಿ ಮಾತ್ರ ಬೇಡ.

ನಿಮ್ಮ ಎರಡು ಸುದ್ದಿಗಳೂ ಒಂದು ಕಡೆ ಕೂಡುತ್ತವೆ, ಅದನ್ನೂ ಬರೆಯಿರಿ. 2023ರಲ್ಲಿ ಅಮೆರಿಕದಲ್ಲಿ ಇದೇ ಬೆಂಜಥೀನ್ ಪೆನಿಸಿಲಿನ್‌ಗೆ ಅಭಾವ ಬಂತು. 2024ರ ಜನವರಿಯಲ್ಲಿ ಫ್ರಾನ್ಸಿನ ಎಕ್ಸ್‌ಟೆನ್ಸಿಲಿನ್ ಎಂಬ ಇದೇ ಔಷಧವನ್ನು ಆಮದು ಮಾಡಿಕೊಳ್ಳಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ತಾತ್ಕಾಲಿಕವಾಗಿ ಒಪ್ಪಿತು. ಪೋರ್ಚುಗಲ್ಲಿನ ಲೆಂಟೊಸಿಲಿನ್‌ಗೂ ಹಾಗೇ ದಾರಿ ಮಾಡಿಕೊಟ್ಟಿತು. ಮಸೂದೆ ಮಾಡಿ ತಪಾಸಣೆ ಹೆಚ್ಚಿಸಿದರೂ ಸೂಜಿಮದ್ದು ಸಿಗದಿದ್ದರೆ ಕೂಸು ಉಳಿಯುವುದಿಲ್ಲ.

ವ.ರಾ., ಎಡಿಸನ್:

ಪುಟಕ್ಕೆ ಹೋಗುತ್ತಿರುವ ಸಾಲುಗಳು ಇವು. ತಪ್ಪಿದ್ದರೆ ನಾಳೆ ಸಂಜೆಯೊಳಗೆ ತಿಳಿಸಿ.

ಶೀರ್ಷಿಕೆ: ತಾಯಿ ಮತ್ತು ಶಿಶು ಸಿಫಿಲಿಸ್ ತಡೆ ಮಸೂದೆ: ಇನ್ನೂ ಕಾಯ್ದೆ ಆಗಿಲ್ಲ

‘ಬಸುರಿಯಲ್ಲಿ ಸಿಫಿಲಿಸ್ ಸೋಂಕು ಇದ್ದರೆ ಅದು ಹೊಟ್ಟೆಯಲ್ಲಿರುವ ಮಗುವಿಗೂ ತಗುಲಬಹುದು. ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ಪೆನಿಸಿಲಿನ್ ಸೂಜಿಯಿಂದ ಗುಣವಾಗುತ್ತದೆ. ತಿಂಗಳು ತುಂಬುವ ಮೊದಲೇ, ಸಮಯಕ್ಕೆ ಸರಿಯಾಗಿ ಚಿಕಿತ್ಸೆ ಪಡೆದರೆ ಮಗುವನ್ನೂ ಕಾಪಾಡಬಹುದು. ಅಮೆರಿಕದ ಹೆರಿಗೆ ತಜ್ಞರ ಸಂಘ 2024ರಿಂದ ಮೂರು ಸಲ ಪರೀಕ್ಷೆ ಮಾಡಿಸಲು ಹೇಳುತ್ತಿದೆ: ಮೊದಲ ಭೇಟಿಯಲ್ಲಿ, ಏಳನೆಯ ತಿಂಗಳ ಸುಮಾರಿಗೆ, ಹೆರಿಗೆಯ ಸಮಯದಲ್ಲಿ.’

ಶೀರ್ಷಿಕೆ: ಸಣ್ಣ ಪಾರ್ಸೆಲ್‌ಗಳಿಗೆ ಇದ್ದ ಸುಂಕ ವಿನಾಯಿತಿ ರದ್ದು

‘800 ಡಾಲರ್ ಒಳಗಿನ ಸರಕನ್ನು ಸುಂಕವಿಲ್ಲದೆ ತರಿಸಿಕೊಳ್ಳಲು ಇದ್ದ ಅವಕಾಶ (ಅಲ್ಪಮೌಲ್ಯದ ಸರಕಿಗೆ ಸುಂಕ ವಿನಾಯಿತಿ) ಆಗಸ್ಟ್ 29ರಿಂದ ಇಲ್ಲ. ಊರಿನಿಂದ ಉಡುಗೊರೆ ಕಳಿಸುವವರು ಅಂಚೆ ಕಚೇರಿಯಲ್ಲೇ ಸುಂಕದ ವಿಚಾರ ಕೇಳಿ ತಿಳಿದುಕೊಳ್ಳಲಿ.’

ಡಾ. ಎಂ., ಹಾಸನ:

ಎಲ್ಲ ಸರಿಯಾಗಿದೆ. ‘ಪೆನಿಸಿಲಿನ್ ಸೂಜಿಯಿಂದ ಗುಣವಾಗುತ್ತದೆ’ ಎಂಬುದರ ಮುಂದೆ ಒಂದು ವಾಕ್ಯ ಸೇರಿಸಿ: ‘ಗಂಡನಿಗೂ ಪರೀಕ್ಷೆ, ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಆಕೆಗೆ ಸೋಂಕು ಮತ್ತೆ ತಗುಲುತ್ತದೆ.’ ಇದನ್ನು ಬಿಟ್ಟು ಅಚ್ಚು ಮಾಡಬೇಡಿ. ನಮ್ಮಲ್ಲಿ ಬರುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಗಂಡನನ್ನು ಕರೆತರಲು ಆಗದೆ ಎರಡನೆಯ ಸಲ ಅದೇ ಸೂಜಿ ಹಾಕಿಸಿಕೊಂಡಿದ್ದಾರೆ.

ವ.ರಾ., ಎಡಿಸನ್:

ಸೇರಿಸಿದೆ ಡಾಕ್ಟ್ರೇ, ದಪ್ಪಕ್ಷರದಲ್ಲಿ.

ಎಸ್.ಪಿ., ಮಂಗಳೂರು:

‘ಉಡುಗೊರೆ’ ಅಂತ ಬರೆದ ಕಡೆ 100 ಡಾಲರ್ ಮಿತಿಯನ್ನೂ ಬರೆಯಿರಿ. ಇಲ್ಲದಿದ್ದರೆ ಉಡುಗೊರೆಗೆಲ್ಲ ಸುಂಕ ಅಂತ ತಿಳಿದು ಮುದುಕರು ಲೇಹ್ಯ ಕಳಿಸುವುದನ್ನೇ ಬಿಟ್ಟಾರು.